ಗೋಡೆ ಹತ್ತುವ ಉಣ್ಣಿ: ಮನೆಯೊಳಗಿನ ಉಣ್ಣಿ ಕಾಟ ಬಿಡಿಸಲು ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಬಿಸಿಲು ಇಳಿದು ಮೊದಲ ಮಳೆ ಬಿದ್ದರೆ ಸಾಕು, ಕಲಬುರಗಿಯಲ್ಲಿ ನಾಯಿ ಸಾಕಿದವರ ಮನೆಯಲ್ಲಿ ಒಂದೇ ಮಾತು: "ಗ್ವಾಡಿ ಮ್ಯಾಲ ಉಣ್ಣಿ ಹತ್ತಲತ್ತಾವ ನೋಡ್ರಿ." ನಾಯಿ ಸಾಕದ ಮನೆಯವರೂ ಇದೇ ದೂರು ಹೇಳುತ್ತಾರೆ. ಬೀದಿ ನಾಯಿಯೊಂದು ದಿನಾ ಕಟ್ಟೆ ಪಕ್ಕ ಮಲಗಿ ಎದ್ದು ಹೋಗುತ್ತಿದ್ದರೂ ಉಣ್ಣಿ ಒಳಗೆ ಬರುತ್ತದೆ.

ಆಮೇಲೆ ಮನೆಯಲ್ಲಿ ಯಾರೋ ಫೋನ್ ತೆಗೆದು ಹುಡುಕುತ್ತಾರೆ. ಮೊದಲು ಕಣ್ಣಿಗೆ ಬೀಳುವ ಹೆಸರು ಲೈಮ್ ಕಾಯಿಲೆ. ಕೀಲು ಊತ, ಮುಖ ಸೊಟ್ಟಗಾಗುವುದು, ಹೃದಯ ಬಡಿತದ ಏರುಪೇರು. ಇಷ್ಟು ಓದಿದವರಿಗೆ ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ ಈ ಭಯ ತಪ್ಪು ವಿಳಾಸಕ್ಕೆ ಬಂದ ಕಾಗದ. ನಮ್ಮ ಗೋಡೆಯ ಉಣ್ಣಿ ಲೈಮ್ ಹರಡುವ ಜಾತಿಯದ್ದಲ್ಲ. ಆದರೆ ಅದಕ್ಕೆ ತನ್ನದೇ ಜ್ವರ ಒಂದಿದೆ. ನಾಯಿಗೂ ಗೋಡೆಗೂ ಒಟ್ಟಿಗೆ ಮದ್ದು ಮಾಡದಿದ್ದರೆ ಅದು ಮನೆ ಬಿಟ್ಟು ಹೋಗುವುದೂ ಇಲ್ಲ.

ಲೈಮ್ ವಿಷಯ ಮೊದಲು ಮುಗಿಸೋಣ

ಲೈಮ್ ಅನ್ನುವುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರು. 1970ರ ದಶಕದಲ್ಲಿ ಅಲ್ಲಿಯ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ಕೀಲು ಊತ ಬಂದಾಗ ವೈದ್ಯರು ಬೆನ್ನುಹತ್ತಿ ಕಂಡುಕೊಂಡ ಕಾಯಿಲೆ ಇದು. 1980ರ ದಶಕದ ಶುರುವಿನಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಇದರ ರೋಗಾಣುವನ್ನು ಗುರುತಿಸಿದರು. ಅದಕ್ಕೇ ರೋಗಾಣುವಿನ ಹೆಸರು ಬೊರೆಲಿಯಾ ಬರ್ಗ್‌ಡಾರ್ಫೆರಿ. ಇದನ್ನು ಹರಡುವುದು ಇಕ್ಸೋಡಿಸ್ ಕುಲದ ಕೆಲವು ಉಣ್ಣಿಗಳು. ಅವುಗಳಿಗೆ ತೇವ ಬೇಕು, ಉದುರಿದ ಎಲೆಯ ಹಾಸು ಬೇಕು, ಕಾಡಿಲಿ ಮತ್ತು ಜಿಂಕೆ ಬೇಕು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಬಯಲುಸೀಮೆ ಅವುಗಳ ಜಾಗವೇ ಅಲ್ಲ. ಭಾರತದಲ್ಲಿ ಹಿಮಾಲಯದ ಭಾಗ, ಈಶಾನ್ಯದ ರಾಜ್ಯಗಳಂಥ ಕಾಡಿನ ಸೀಮೆಗಳಿಂದ ಬಿಡಿಬಿಡಿಯಾಗಿ ವರದಿಗಳು ಬಂದಿವೆ.

ಮಂಗನ ಕಾಯಿಲೆಯ ಹೆಸರೂ ಇದರ ಜೊತೆ ಬರುತ್ತದೆ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಮಲೆನಾಡಿನ ಕಾಡಿನ ಉಣ್ಣಿ ಅದನ್ನು ಹರಡುತ್ತದೆ. ನಿಮ್ಮ ಪಡಸಾಲೆಯ ಉಣ್ಣಿ ಅದೂ ಅಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಲೈಮ್ ನೆನಪಿರಲಿ. ಮನೆಯ ಮಗನೋ ಮಗಳೋ ಅಮೆರಿಕ ಅಥವಾ ಯುರೋಪಿನಿಂದ ಬಂದಿದ್ದಾರೆ, ಅಲ್ಲಿ ಕಾಡು-ಹುಲ್ಲಿನಲ್ಲಿ ತಿರುಗಾಡಿದ್ದಾರೆ ಅಂದುಕೊಳ್ಳಿ. ಉಣ್ಣಿ ಕಚ್ಚಿದ 3ರಿಂದ 30 ದಿನದೊಳಗೆ ದಿನೇದಿನೇ ಅಗಲವಾಗುವ ಕೆಂಪು ಕಲೆ ಮೂಡಿದರೆ ಡಾಕ್ಟರಿಗೆ ತೋರಿಸಿ, ಪ್ರಯಾಣದ ವಿಷಯವನ್ನೂ ತಪ್ಪದೆ ಹೇಳಿ. ಶುರುವಿನಲ್ಲೇ ಹಿಡಿದರೆ ಆಂಟಿಬಯಾಟಿಕ್‌ಗೆ ಚೆನ್ನಾಗಿ ಗುಣವಾಗುತ್ತದೆ. ಸುಮ್ನೆ ಅನುಮಾನಕ್ಕೆ ಲ್ಯಾಬಿಗೆ ಹೋಗಿ ಲೈಮ್ ಪರೀಕ್ಷೆ ಮಾಡಿಸಬೇಡಿ. ಕಾಯಿಲೆಯೇ ಅಪರೂಪವಾದ ಕಡೆ ಆ ರಕ್ತ ಪರೀಕ್ಷೆ ಇಲ್ಲದ್ದನ್ನು ಇದೆ ಎಂದು ತೋರಿಸುವ ಸಾಧ್ಯತೆಯೇ ಜಾಸ್ತಿ.

ಹಾಗಾದರೆ ನಮ್ಮ ಮನೆಯೊಳಗೆ ಇರುವುದು ಯಾವುದು?

ಕಂದು ನಾಯಿ ಉಣ್ಣಿ. ಶಾಸ್ತ್ರದ ಹೆಸರು ರೈಪಿಸೆಫಾಲಸ್ ಸಾಂಗ್ವಿನಿಯಸ್. ಹೆಚ್ಚಿನ ಉಣ್ಣಿಗಳಿಗೆ ಹುಲ್ಲು, ಪೊದೆ ಬೇಕು. ಇದಕ್ಕೆ ಒಂದು ನಾಯಿ, ನಾಲ್ಕು ಗೋಡೆ ಇದ್ದರಾಯಿತು, ಹುಟ್ಟು ಸಾವು ಎಲ್ಲ ಮನೆಯೊಳಗೇ. ಒಣ ಹವೆಯನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ.

ಇದರ ಬದುಕನ್ನು ಸ್ವಲ್ಪ ತಿಳಿದುಕೊಳ್ಳಿ, ಮುಂದಿನ ಕೆಲಸವೆಲ್ಲ ಇದರ ಮೇಲೇ ನಿಂತಿದೆ. ಉಣ್ಣಿ ಮೂರು ಸಲ ರಕ್ತ ಕುಡಿಯುತ್ತದೆ: ಮರಿಯಾಗಿದ್ದಾಗ ಒಮ್ಮೆ, ನಡುವಿನ ಹಂತದಲ್ಲಿ ಒಮ್ಮೆ, ದೊಡ್ಡದಾದ ಮೇಲೆ ಒಮ್ಮೆ. ಪ್ರತಿ ಸಲವೂ ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಕೆಳಗೆ ಬೀಳುತ್ತದೆ, ಸಂದಿ ಹುಡುಕುತ್ತದೆ, ಅಲ್ಲಿ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ. ಹೆಣ್ಣು ಉಣ್ಣಿ ಕೊನೆಯ ಸಲ ಕುಡಿದು ಔಡಲ ಬೀಜದ ಹಾಗೆ ಉಬ್ಬಿ, ಬೂದು ಬಣ್ಣಕ್ಕೆ ತಿರುಗಿ ಗೋಡೆ ಹತ್ತುತ್ತದೆ. ಎತ್ತರಕ್ಕೆ ಹೋಗುವುದು ಇದರ ಸ್ವಭಾವ. ಬಾಗಿಲ ಚೌಕಟ್ಟಿನ ಹಿಂದೆ, ತೊಲೆಯ ಸಂದಿಯಲ್ಲಿ, ಪರದೆಯ ಮಡಿಕೆಯಲ್ಲಿ ಸೇರಿಕೊಂಡು ಮೊಟ್ಟೆ ಇಟ್ಟು ಸಾಯುತ್ತದೆ. ಒಂದು ಹೆಣ್ಣು 4,000ದವರೆಗೂ ಮೊಟ್ಟೆ ಇಡಬಲ್ಲದು. ದೊಡ್ಡ ಉಣ್ಣಿಯಂತೂ ರಕ್ತವೇ ಸಿಗದಿದ್ದರೂ ಒಂದು ವರ್ಷಕ್ಕೂ ಮೇಲೆ ಕಾದು ಕೂರಬಲ್ಲದು.

ಈಗ ನಮ್ಮ ಮನೆಗಳನ್ನು ನೆನೆಯಿರಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹಳೆ ಮನೆಗಳು ಕಲ್ಲಿನವು. ಮಣ್ಣಿನ ಗಾರೆ ಉದುರಿ ಕಲ್ಲು-ಕಲ್ಲಿನ ನಡುವೆ ಬೆರಳು ತೂರುವಷ್ಟು ಸಂದಿ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಅಂಚೂ ಎಷ್ಟೋ ಕಡೆ ಬಿಟ್ಟುಕೊಂಡಿರುತ್ತದೆ. ಇಂಥ ಒಂದು ಅಂಚಿಗೆ ಮೊಬೈಲ್ ಟಾರ್ಚ್ ಹಿಡಿದು ಹಳೇ ಪೋಸ್ಟ್‌ಕಾರ್ಡ್‌ನಿಂದ ಕೆರೆದು ನೋಡಿ. ಸಣ್ಣ ಕಂದು ಕಾಳುಗಳ ಅಂಟಂಟು ಗುಂಪು ಹೊರಬಂದರೆ ಅದೇ ಮೊಟ್ಟೆ. ಪಕ್ಕದಲ್ಲಿ ಕಾಗದದಂತಹ ತೆಳು ಪೊರೆಗಳೂ ಇರುತ್ತವೆ. ನೋಡಲು ಹೇಸಿಗೆ, ನಿಜ. ಆದರೆ ಶತ್ರುವಿನ ಠಿಕಾಣಿ ಸಿಕ್ಕಿತಲ್ಲ!

ಹೆಜ್ಜೆ 1: ಉಣ್ಣಿಯೇ ಹೌದಾ ಅಂತ ಖಚಿತಪಡಿಸಿಕೊಳ್ಳಿ

ತಿಗಣೆಗೆ ಆರು ಕಾಲು, ಅದು ಹಾಸಿಗೆ, ಮಂಚದ ಸಂದಿ ಬಿಟ್ಟು ದೂರ ಹೋಗುವುದಿಲ್ಲ. ಚಿಕ್ಕಾಡು ಜಿಗಿಯುತ್ತದೆ. ಉಣ್ಣಿ ಜಿಗಿಯುವುದೂ ಇಲ್ಲ, ಹಾರುವುದೂ ಇಲ್ಲ, ನಿಧಾನಕ್ಕೆ ತೆವಳುತ್ತದೆ. ದೊಡ್ಡದಕ್ಕೆ ಎಂಟು ಕಾಲು, ಆಗ ತಾನೇ ಹೊರಬಂದ ಮರಿಗೆ ಆರು. ಹಸಿದ ದೊಡ್ಡ ಉಣ್ಣಿ ಸುಮಾರು 3 ಮಿಲಿಮೀಟರ್, ಚಪ್ಪಟೆ, ಕಂದು ಬಣ್ಣ. ಅನುಮಾನ ಇದ್ದರೆ ಸೆಲ್ಲೋಟೇಪಿನಲ್ಲಿ ಹಿಡಿದು ಬಿಳಿ ಹಾಳೆಗೆ ಅಂಟಿಸಿ ಪಶು ವೈದ್ಯರಿಗೆ ತೋರಿಸಿ.

ಉಗುರಿನಿಂದ ಒರೆಸಿ ಕೊಲ್ಲುವ ಚಟ ಬಿಡಿ. ಅದರ ಹೊಟ್ಟೆಯ ರಕ್ತದಲ್ಲಿ ರೋಗಾಣು ಇದ್ದರೆ ಬೆರಳಿನ ಗಾಯದಿಂದಲೋ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡಾಗಲೋ ಒಳಗೆ ಹೋಗಬಹುದು. ಬರೀ ನೀರಿಗೆ ಹಾಕಿದರೆ ಬೇಗ ಸಾಯುವುದಿಲ್ಲ. ಮುಚ್ಚಳ ಇರುವ ಸಣ್ಣ ಬಾಟಲಿಗೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿಟ್ಟುಕೊಳ್ಳಿ. ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕಿ.

ಹೆಜ್ಜೆ 2: ಮನುಷ್ಯರಿಗೆ ಕಚ್ಚಿದ್ದರೆ ಸರಿಯಾಗಿ ತೆಗೆಯಿರಿ

ಕಚ್ಚಿದಾಗ ನೋವೇ ಆಗುವುದಿಲ್ಲ, ಅದಕ್ಕೇ ಹುಡುಕಬೇಕು. ಕಿವಿಯ ಹಿಂದೆ, ತಲೆಕೂದಲ ಬುಡ, ಕಂಕುಳು, ಸೊಂಟದ ಉಡಿದಾರದ ಸುತ್ತ, ತೊಡೆಸಂದಿ, ಮೊಣಕಾಲಿನ ಹಿಂಭಾಗ. ನೆಲದ ಮೇಲೆ ಚಾಪೆ, ಕೌದಿ ಹಾಸಿ ಮಲಗುವ ಮಕ್ಕಳನ್ನು ಬೆಳಗ್ಗೆ ಸ್ನಾನ ಮಾಡಿಸುವಾಗಲೇ ನೋಡಿಬಿಡಿ.

ಚೂಪು ತುದಿಯ ಚಿಮಟ ತೆಗೆದುಕೊಳ್ಳಿ. ಉಣ್ಣಿಯ ಹೊಟ್ಟೆ ಹಿಡಿಯಬೇಡಿ, ಚರ್ಮಕ್ಕೆ ಅಂಟಿದ ತಲೆಯ ಹತ್ತಿರ ಹಿಡಿಯಿರಿ. ನೇರವಾಗಿ ಮೇಲಕ್ಕೆ, ಒಂದೇ ಸಮ ಎಳೆಯಿರಿ. ತಿರುಚಬೇಡಿ, ಫಕ್ಕನೆ ಜಗ್ಗಬೇಡಿ. ಬಾಯಿಯ ತುಣುಕು ಒಳಗೆ ಉಳಿದು ಸುಲಭಕ್ಕೆ ಬರದಿದ್ದರೆ ಸೂಜಿ ಹಾಕಿ ಕೆದಕುವುದು ಬೇಡ, ಚರ್ಮವೇ ಹೊರಗೆ ಹಾಕುತ್ತದೆ. ಆಮೇಲೆ ಸೋಪು ನೀರಲ್ಲಿ ಜಾಗ ತೊಳೆದು ಸ್ಪಿರಿಟ್ ಹಚ್ಚಿ.

ಸೀಮೆಎಣ್ಣೆ, ಸುಣ್ಣ-ತಂಬಾಕು, ಊದುಬತ್ತಿಯ ಬೆಂಕಿ ಇದ್ಯಾವುದೂ ಬೇಡ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಉಸಿರುಗಟ್ಟಿ ಒದ್ದಾಡುವ ಉಣ್ಣಿ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಾರಬಹುದು. ಎಷ್ಟು ಬೇಗ ಕಿತ್ತರೆ ಅಷ್ಟು ಒಳ್ಳೆಯದು.

ಕಿವಿಯೊಳಗೆ ಹೊಕ್ಕರೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಮಗು ಕಿವಿ ಹಿಡಿದು ಅಳುತ್ತಿದೆ, ಒಳಗೆ ಏನೋ ಓಡಾಡಿದ ಹಾಗೆ ಆಗುತ್ತದೆ ಅಂದರೆ ನೇರ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ. ಪಿನ್ನು, ಕಡ್ಡಿ ಹಾಕಿದರೆ ತಮಟೆಗೇ ಪೆಟ್ಟು.

ತೆಗೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 3: ನಾಯಿಯನ್ನು ಮನೆಯಿಂದ ಓಡಿಸಬೇಡಿ

ಇಲ್ಲೇ ಹೆಚ್ಚಿನವರು ಎಡವುವುದು. ಉಣ್ಣಿ ಕಂಡ ಕೂಡಲೇ ನಾಯಿಯನ್ನು ಹೊರಗೆ ಕಟ್ಟುತ್ತಾರೆ, ಇಲ್ಲ ಊರಾಚೆ ಬಿಟ್ಟು ಬರುತ್ತಾರೆ. ಆಗ ಗೋಡೆಯಲ್ಲಿ ಹಸಿದು ಕೂತ ಉಣ್ಣಿಗಳು ಯಾರ ಕಡೆ ಬರಬೇಕು? ಈ ಉಣ್ಣಿಗೆ ನಾಯಿಯ ರಕ್ತವೇ ಇಷ್ಟ, ಅದು ಸಿಗದಿದ್ದಾಗ ಮನುಷ್ಯರ ಕಡೆ ತಿರುಗುತ್ತದೆ. ಔಷಧಿ ಕೊಟ್ಟ ನಾಯಿ ಮನೆಯೊಳಗೆ ಓಡಾಡಿಕೊಂಡಿರಲಿ. ಗೋಡೆಯಿಂದ ಇಳಿದ ಉಣ್ಣಿ ಅದಕ್ಕೇ ಹತ್ತಿ, ಕಚ್ಚಿ, ಸಾಯುತ್ತದೆ. ದಿನಾ ಓಡಾಡುವ ಬೋನು ಅಂದುಕೊಳ್ಳಿ.

ಔಷಧಿಯಲ್ಲಿ ಬಗೆಗಳಿವೆ. ತಿನ್ನಿಸುವ ಗುಳಿಗೆಗಳಲ್ಲಿ ಅಫಾಕ್ಸೊಲೇನರ್ ಸುಮಾರು ಒಂದು ತಿಂಗಳು, ಫ್ಲುರಲೇನರ್ ಸುಮಾರು 12 ವಾರ ಕೆಲಸ ಮಾಡುತ್ತವೆ. ಬೆಲೆ ಜಾಸ್ತಿ, ಆದರೆ ಮನೆ ತುಂಬ ಹರಡಿದ್ದರೆ ಗುಳಿಗೆಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಉಣ್ಣಿ ಕಚ್ಚಿದ ಮೇಲೇ ಸಾಯುವುದು. ಹಾಗಾಗಿ ಗುಳಿಗೆ ಕೊಟ್ಟ ಮೇಲೂ ನಾಯಿಯ ಮೈಮೇಲೆ ಒಂದೆರಡು ಕಂಡರೆ ಔಷಧಿ ನಾಟಲಿಲ್ಲ ಅಂತ ತಿಳಿಯಬೇಡಿ. ಕುತ್ತಿಗೆಯ ಹಿಂದೆ ಚರ್ಮಕ್ಕೆ ಹಾಕುವ ಫಿಪ್ರೊನಿಲ್ ಹನಿಯನ್ನು ತಿಂಗಳಿಗೊಮ್ಮೆ ಹಾಕಬೇಕು. ಅದರ ಹಿಂದೆಮುಂದೆ ಎರಡು ದಿನ ಸ್ನಾನ ಬೇಡ. ಅಮಿಟ್ರಾಜ್ ದ್ರಾವಣ ಅಗ್ಗ. ಆದರೆ ಎಷ್ಟು ನೀರಿಗೆ ಎಷ್ಟು ಅನ್ನುವುದು ತಪ್ಪಿದರೆ ನಾಯಿ ಮಂಕಾಗಿ ಬಿದ್ದುಬಿಡುತ್ತದೆ.

ಯಾವುದೇ ಇರಲಿ, ನಾಯಿಯ ತೂಕ ನೋಡಿ ಪಶು ವೈದ್ಯರು ಹೇಳಿದ ಹಾಗೆ ಕೊಡಿ. ಫಿಟ್ಸ್ ಬರುವ ನಾಯಿ, ಗಬ್ಬದ ನಾಯಿ, ಎರಡು ತಿಂಗಳೊಳಗಿನ ಮರಿ ಇದ್ದರೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಔಷಧಿಯನ್ನು ಅದಕ್ಕೆ ಹಚ್ಚಲೇಬೇಡಿ. ನಾಯಿಯ ಕೆಲವು ಉಣ್ಣಿ ಔಷಧಿಗಳಲ್ಲಿರುವ ಪರ್ಮೆಥ್ರಿನ್ ಮತ್ತು ಅಮಿಟ್ರಾಜ್ ಬೆಕ್ಕಿಗೆ ವಿಷ. ಬೀದರ್‌ನವರಿಗೆ ನಂದಿನಗರದಲ್ಲಿ ಪಶು ವೈದ್ಯಕೀಯ ಕಾಲೇಜೇ ಇದೆ. ಉಳಿದ ಕಡೆ ತಾಲ್ಲೂಕು ಪಶು ಆಸ್ಪತ್ರೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮದು ತೊಗರಿ, ಹತ್ತಿಯ ಸೀಮೆ. ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಉಳಿದ ಡಬ್ಬಿ ಮನೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. "ಹುಳಾನೇ ಸಾಯ್ತದ, ಉಣ್ಣಿ ಏನ್ ಮಹಾ" ಅಂತ ಅದನ್ನೇ ನಾಯಿಗೆ ಬಳಿಯುವವರಿದ್ದಾರೆ. ಜೊಲ್ಲು ಸುರಿಸುತ್ತಾ, ನಡುಗುತ್ತಾ ನಾಯಿ ಕಣ್ಣೆದುರೇ ಸಾಯಬಹುದು. ಅದೇ ನಾಯಿಯನ್ನು ತಬ್ಬಿಕೊಳ್ಳುವ ಮಗುವಿಗೂ ಅಪಾಯ. ಹೊಲದ ಎಣ್ಣಿ ಹೊಲದಲ್ಲೇ ಇರಲಿ.

ದಿನಾ ಒಮ್ಮೆ ಕೈಯಾಡಿಸಿ ನೋಡುವುದು ಗುಳಿಗೆ ಕೊಟ್ಟರೂ ತಪ್ಪಬಾರದು. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡ. ಎಲ್ಲಕ್ಕಿಂತ ಮುಖ್ಯ ಕಾಲ್ಬೆರಳ ಸಂದಿ. ಪಾದವನ್ನು ಅಂಗೈಯಲ್ಲಿ ಹಿಡಿದು ಒಂದೊಂದೇ ಬೆರಳು ಬಿಡಿಸಿ, ಕೂದಲನ್ನು ಹಿಂದಕ್ಕೆ ಸರಿಸಿ. ಮೈಯೆಲ್ಲ ನೋಡಿ "ಏನೂ ಇಲ್ಲ" ಅಂದವರ ನಾಯಿಯ ಬೆರಳ ನಡುವೆ ಸಾಲಾಗಿ ನಾಲ್ಕೈದು ಕೂತಿರುತ್ತವೆ. ನಾಯಿ ಊಟ ಬಿಟ್ಟರೆ, ವಸಡು ಬೆಳ್ಳಗಾದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಎರ್ಲಿಕಿಯಾ, ಬೆಬೇಸಿಯಾ ಎಂಬ ಉಣ್ಣಿ ಜ್ವರಗಳು ನಾಯಿಯನ್ನು ಬೇಗ ಕೆಡವುತ್ತವೆ.

ಹೆಜ್ಜೆ 4: ಗೋಡೆ, ನೆಲ, ಬಟ್ಟೆ

ನಾಯಿಗೆ ಔಷಧಿ ಕೊಟ್ಟ ವಾರವೇ ಇದೂ ಶುರುವಾಗಬೇಕು. ಕಾಣುವ ಉಣ್ಣಿಗಳಿಗಿಂತ ಸಂದಿಯಲ್ಲಿ ಅಡಗಿದವೇ ಎಷ್ಟೋ ಪಾಲು ಜಾಸ್ತಿ.

ಮೊದಲು ನಾಯಿ ಮಲಗುವ ಗೋಣಿಚೀಲ, ಹಳೇ ಕೌದಿ. ಹರಕಲಾಗಿದ್ದರೆ ಸುಟ್ಟುಬಿಡಿ. ಇಟ್ಟುಕೊಳ್ಳುವುದಾದರೆ ಕುದಿಯುವ ನೀರಲ್ಲಿ ನೆನೆಸಿ ಒಗೆದು ಮಾಳಿಗೆ ಮೇಲಿನ ಬಿಸಿಲಿಗೆ ಹಾಕಿ. ವಾರಕ್ಕೊಮ್ಮೆ ಇದು ನಡೆಯಲಿ. ಪರದೆ, ಸೋಫಾ ಕವರ್ ಕೂಡ.

ಆಮೇಲೆ ಕಸ ತೆಗೆಯುವುದು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಗೋಡೆ-ನೆಲ ಸೇರುವ ಅಂಚು, ಮಂಚದ ಕಾಲು, ಕಿಟಕಿ ಚೌಕಟ್ಟು, ಫೋಟೋ ಹಿಂದೆ ಎಳೆಯಿರಿ. ಚೀಲವನ್ನು ಕೂಡಲೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಹೊರಗೆ ಹಾಕಿ. ಇಲ್ಲದಿದ್ದರೆ ಕಸಬರಿಗೆಯ ಜೊತೆ ಹಳೇ ಹಲ್ಲುಜ್ಜುವ ಬ್ರಷ್ಷೂ ಆಗುತ್ತದೆ. ಸಂದಿಯಿಂದ ಕೆರೆದದ್ದನ್ನು ಸೋಪಿನ ಬಿಸಿನೀರಿಗೆ ಬೀಳಿಸಿ. ಕಲ್ಲಿನ ನೆಲದ ಸಂದಿಗೆ ಕುದಿಯುವ ನೀರು ಸುರಿಯಬಹುದು. ಕಾಲಿಗೆ ಚಪ್ಪಲಿ ಇರಲಿ, ಮಕ್ಕಳು ದೂರ ಇರಲಿ.

ಸಿಂಪಡಣೆ ಬೇಕೇ ಬೇಕು ಅನ್ನುವಷ್ಟು ಹರಡಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ. ಬರೀ ನೆಲಕ್ಕೆ ಹೊಡೆದು ಹೋಗಲು ಬಿಡಬೇಡಿ. ಗೋಡೆಯ ಮೇಲಿನ ಸಂದಿ, ಚೌಕಟ್ಟಿನ ಹಿಂಭಾಗ, ಕಟ್ಟೆಯ ಕೆಳಗೆ, ಮೆಟ್ಟಿಲ ಅಡಿ, ಇಷ್ಟನ್ನು ನಿಂತು ತೋರಿಸಿ. ಪೂರ್ತಿ ಒಣಗುವವರೆಗೆ ಮಕ್ಕಳು, ನಾಯಿ, ಬೆಕ್ಕು ಒಳಗೆ ಬರಬಾರದು. ಮೀನಿನ ತೊಟ್ಟಿ ಮುಚ್ಚಿಡಿ. ಔಷಧಿ ಮೊಟ್ಟೆಗೆ ಅಷ್ಟಾಗಿ ತಾಗುವುದಿಲ್ಲ, ಎರಡು ಮೂರು ವಾರದಲ್ಲಿ ಅವು ಒಡೆದು ಮರಿ ಹೊರಬರುತ್ತವೆ. ಅದಕ್ಕೇ ಎರಡನೇ ಸುತ್ತನ್ನು ಮೊದಲೇ ಮಾತಾಡಿಕೊಳ್ಳಿ. ಒಂದೇ ಸಲಕ್ಕೆ ಗ್ಯಾರಂಟಿ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಕೊನೆಗೆ ಗೌಂಡಿ ಕೆಲಸ. ಉದುರಿದ ಗಾರೆಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿ, ಶಹಾಬಾದ್ ಕಲ್ಲಿನ ಬಿಟ್ಟ ಅಂಚಿಗೆ ಬಿಳಿ ಸಿಮೆಂಟ್ ತುಂಬಿಸಿ. ಖರ್ಚಿದೆ, ಆದರೆ ವರ್ಷ ವರ್ಷ ಸ್ಪ್ರೇ ಹೊಡೆಸುವುದಕ್ಕಿಂತ ಇದೇ ಲಾಭ. ಚೇಳಿನ ಕಾಟವೂ ಕಡಿಮೆಯಾಗುತ್ತದೆ.

ಬೇವಿನ ಎಣ್ಣೆ, ಅರಿಸಿನ ಎಲ್ಲರೂ ಕೇಳುವ ವಿಷಯ. ಹಚ್ಚಿದರೆ ತಪ್ಪಿಲ್ಲ. ಅದನ್ನೇ ನಂಬಿ ಕೂರಬೇಡಿ.

ಹೆಜ್ಜೆ 5: ದನ, ಕೋಳಿ ಇರುವ ಮನೆ

ದನದ ಮೈಮೇಲಿನ ಉಣ್ಣಿ ಬೇರೆ ಜಾತಿಯವು, ಮನೆಯೊಳಗೆ ಸಂಸಾರ ಹೂಡುವುದು ಕಡಿಮೆ. ಹಾಗಂತ ಬರಿಗೈಯಲ್ಲಿ ಕಿತ್ತು ಕಲ್ಲಿನಿಂದ ಜಜ್ಜುವುದು ಬೇಡ. ದನದ ಉಣ್ಣಿಗಳಲ್ಲಿ ಹೈಯಲೋಮಾ ಎಂಬ ಕುಲ ಇದೆ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ಜ್ವರವನ್ನು ಹರಡುವುದು ಈ ಕುಲದ ಉಣ್ಣಿಗಳೇ. ಕೈಗವಸು ಹಾಕಿಕೊಳ್ಳಿ. ದೇವಣಿ ಹಸುವೋ, ಎಮ್ಮೆಯೋ, ಉಣ್ಣಿ ಹೆಚ್ಚಾಗಿದ್ದರೆ 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಸಂಚಾರಿ ಘಟಕಕ್ಕೆ ತಿಳಿಸಬಹುದು. ಕೊಟ್ಟಿಗೆಯ ಗೋಡೆಗೆ ಬೆಂಕಿ ಹಾಯಿಸಿ ಉಣ್ಣಿ ಸುಡುವ ರೂಢಿ ಹಳೆಯದು, ಕಲ್ಲಿನ ಗೋಡೆಗೆ ನಡೆಯುತ್ತದೆ. ಕಣಿಕೆ ಬಣವಿ ಪಕ್ಕದಲ್ಲಿದ್ದರೆ ಅದರ ಗೊಡವೆ ಬೇಡ.

ಕೋಳಿಗೂಡಿನ ಸಂದಿಯಲ್ಲಿ ಇನ್ನೊಂದು ಉಣ್ಣಿ ಇರುತ್ತದೆ. ಹಗಲೆಲ್ಲ ಅಡಗಿದ್ದು ರಾತ್ರಿ ಬಂದು ಕೋಳಿಯ ರಕ್ತ ಹೀರುತ್ತದೆ. ಗೂಡನ್ನು ಮಲಗುವ ಕೋಣೆಯ ಗೋಡೆಗೆ ತಾಗಿಸಿ ಕಟ್ಟಬೇಡಿ.

ಹೆಜ್ಜೆ 6: ಎರಡು ವಾರ ಜ್ವರದ ಮೇಲೆ ಕಣ್ಣಿಡಿ

ಕ್ಯಾಲೆಂಡರಿನ ಗುರುತು ಇದಕ್ಕೆ. ನಾಯಿ ಉಣ್ಣಿಯಿಂದ ನಮಗೆ ಬರಬಹುದಾದದ್ದು ಉಣ್ಣಿ ಟೈಫಸ್, ರಿಕೆಟ್ಸಿಯಾ ಎಂಬ ರೋಗಾಣುವಿನ ಜ್ವರ. ಕಚ್ಚಿದವರಿಗೆಲ್ಲ ಬರುವುದಿಲ್ಲ. ಬಂದರೆ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು. ಮೂರ್ನಾಲ್ಕು ದಿನದ ಮೇಲೆ ಕೆಂಪು ಚುಕ್ಕೆಗಳು. ನಮ್ಮ ಮೈಬಣ್ಣದಲ್ಲಿ ಚುಕ್ಕೆ ಬೇಗ ಕಾಣುವುದಿಲ್ಲ. ಅಂಗೈ, ಅಂಗಾಲು ನೋಡಿ. ಅಲ್ಲಿ ಚುಕ್ಕೆ ಮೂಡುವುದು ಈ ಜ್ವರದ ದೊಡ್ಡ ಸುಳಿವು. ಕಚ್ಚಿದ ಜಾಗದಲ್ಲಿ ಕೆಲವರಿಗೆ ಕಪ್ಪು ಹಕ್ಕಳೆಯೂ ಆಗುತ್ತದೆ.

ಮಳೆಗಾಲದಲ್ಲಿ ಜ್ವರ ಅಂದರೆ ಎಲ್ಲರೂ ಡೆಂಗಿ, ಟೈಫಾಯ್ಡ್ ಅಂತಲೇ ಶುರು ಮಾಡುತ್ತಾರೆ. ಪ್ಲೇಟ್ಲೆಟ್ ಇದರಲ್ಲೂ ಇಳಿಯುವುದರಿಂದ ಗೊಂದಲ ಸಹಜ. ನೀವಾಗಿಯೇ ಹೇಳಿ: "ಮನೆಯಲ್ಲಿ ನಾಯಿ ಇದೆ, ಇಂಥ ದಿನ ಉಣ್ಣಿ ಕಚ್ಚಿತ್ತು." ಈ ಒಂದು ಮಾತಿನಿಂದ ಡಾಕ್ಟರ ಯೋಚನೆಯ ದಿಕ್ಕೇ ಬದಲಾಗಬಹುದು. ವೈಲ್-ಫೆಲಿಕ್ಸ್ ಎಂಬ ಅಗ್ಗದ ರಕ್ತ ಪರೀಕ್ಷೆ ಇದೆ, ಆದರೆ ಮೊದಲ ವಾರದಲ್ಲಿ ಅದು ತಪ್ಪಿಸಿಕೊಳ್ಳುವುದುಂಟು. ಹಾಗಾಗಿ ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡುತ್ತಾರೆ. ಔಷಧಿ ಡಾಕ್ಸಿಸೈಕ್ಲಿನ್, ಹಳೆಯದು, ಕಡಿಮೆ ಬೆಲೆಯದು. ಸರಿಯಾದ ಹೊತ್ತಿಗೆ ಕೊಟ್ಟರೆ ಎರಡು ಮೂರು ದಿನದಲ್ಲೇ ಜ್ವರ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದು ನುಂಗಬೇಡಿ. ಪ್ರಜ್ಞೆ ಮಂಕಾಗುವುದು, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು ಕಂಡರೆ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ.

ಎಷ್ಟು ದಿನ ಈ ಕೆಲಸ?

ಕಡಿಮೆ ಅಂದರೂ ಮೂರು ತಿಂಗಳು. ಮೊದಲ ವಾರ ಉಣ್ಣಿ ಹೆಚ್ಚಾದ ಹಾಗೇ ಕಾಣಬಹುದು. ಸಿಂಪಡಣೆಗೆ ಸಂದಿಯಿಂದ ಹೊರಬರುತ್ತವೆ, ಹೆದರಬೇಡಿ. ಒಂದೂವರೆ ತಿಂಗಳ ಹೊತ್ತಿಗೆ ಗೋಡೆ ಖಾಲಿಯಾಗುತ್ತದೆ, ಆಗಲೇ ಜನ ಔಷಧಿ ನಿಲ್ಲಿಸುವುದು. ನಿಲ್ಲಿಸಬೇಡಿ, ಸಂದಿಯಲ್ಲಿ ಕಾಯುತ್ತಾ ಕೂತವು ಇನ್ನೂ ಇರುತ್ತವೆ.

ಬಾಡಿಗೆ ಮನೆ ಹುಡುಕುವವರು ಹಿಂದೆ ಇದ್ದವರು ನಾಯಿ ಸಾಕಿದ್ದರಾ ಅಂತ ಕೇಳಿ. ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಯಲ್ಲೂ ಉಣ್ಣಿ ಬದುಕಿರುತ್ತದೆ. ಮನುಷ್ಯರ ಉಸಿರು, ಮೈಬಿಸಿ ತಾಗಿದ ಕೂಡಲೇ ಹೊರಗೆ ಬರುತ್ತದೆ. ಸಾಮಾನು ಇಳಿಸುವ ಮೊದಲೇ ಖಾಲಿ ಮನೆಗೆ ಸಿಂಪಡಣೆ, ಸುಣ್ಣ-ಬಣ್ಣ, ಸಂದಿ ಮುಚ್ಚುವ ಕೆಲಸ ಮಾಡಿಸಿಕೊಡಿ ಅಂತ ಮಾಲೀಕರನ್ನು ಒತ್ತಾಯಿಸಿ. ಅಡ್ವಾನ್ಸ್ ಕೊಟ್ಟ ಮೇಲೆ ಈ ಮಾತು ಎತ್ತಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.